ಬೇಲಿ ದಾಟಿದ ಬೋರಿಗೆ ವಿಚಾರಣೆಯ ಕರೆ

ನಮ್ಮ ಕಂಪನಿಯ ಏಕೈಕ ಆಳದ ಬೋರಿನ ಘನ ಸನ್ನಿಧಿಗೆ,

ಮಾನ್ಯರೇ,

ತಾಮ್ರ ಹುಡುಕುವ ಈ ಪುಟ್ಟ ಕಂಪನಿಯ ಗುಡ್ಡದ ಬುಡದಲ್ಲಿ ಬಾಯಿ ತೆರೆದು, ಆರುನೂರು ಮೀಟರ್ ಕೆಳಗೆ ಕಾಲು ಚಾಚಿಕೊಂಡಿರುವ ತಾವು ಕ್ಷೇಮವೆಂದು ನಂಬಿದ್ದೇನೆ. ಮೇಲೆ ನಾವು ಕ್ಷೇಮವಿಲ್ಲ. ತಮ್ಮನ್ನು ಕೊರೆದ ಡ್ರಿಲ್ಲರ್ ನನ್ನ ಭಾವ. ತಾವು ನೆಟ್ಟಗೆ ಇಳಿಯದೆ ವಾಲಿಕೊಂಡು ಹೋಗಿ, ಬೇಲಿಯಾಚೆಯ ಬೇರೆ ಕಂಪನಿಯ ನೆಲದಡಿ ತಾಮ್ರ ಮುಟ್ಟಿದ ಅಪರಾಧಕ್ಕೆ ಅವರನ್ನು ಅಮಾನತು ಮಾಡಿದ್ದಾರೆ. ಆದೇಶದಲ್ಲಿ ‘ಉದ್ದೇಶಪೂರ್ವಕವಾಗಿ’ ಎಂಬ ಪದವಿದೆ. ಸೋಮವಾರದ ವಿಚಾರಣೆಯಲ್ಲಿ ಆ ಪದ ನಿಂತುಬಿಟ್ಟರೆ ಭಾವನನ್ನು ಇನ್ನಾವ ಕಂಪನಿಯೂ ಯಂತ್ರದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ತಮ್ಮ ಜನ್ಮವೃತ್ತಾಂತ ತಮಗೆ ತಿಳಿದಿರಲಾರದು. ಇದ್ದ ಬಂಡವಾಳದಲ್ಲಿ ಒಂದೋ ಇಳಿಜಾರಿನುದ್ದಕ್ಕೂ, ಕಲ್ಲಿಗೆ ತಾಮ್ರದ ಹಸಿರು ಹಿಡಿದ ಕಡೆಯಲ್ಲೆಲ್ಲ, ಹತ್ತಾರು ಗಿಡ್ಡ ಬೋರು ಕೊರೆಯಬಹುದಿತ್ತು. ಇಲ್ಲವೇ ತಮ್ಮೊಬ್ಬರನ್ನು ಕೊರೆಯಬಹುದಿತ್ತು. ಕೆಲಸಗಾರರಾದ ನಾವೆಲ್ಲ ಗಿಡ್ಡ ಬೋರೇ ಸಾಕೆಂದೆವು. ಆದರೆ ಗಿಡ್ಡ ಬೋರಿಗೊಂದು ಕೆಟ್ಟ ಚಾಳಿ: ವಾರದೊಳಗೆ ಇದೆ ಅಥವಾ ಇಲ್ಲ ಎಂದು ಬಾಯಿಬಿಟ್ಟುಬಿಡುತ್ತದೆ. ನಮ್ಮ ನಿರ್ದೇಶಕರು ದೂರದೃಷ್ಟಿಯವರು. “ವಾರಕ್ಕೇ ಉತ್ತರ ಬಂದ್ರೆ ಆಮೇಲೆ ಷೇರುದಾರರಿಗೆ ಏನಪ್ಪಾ ಹೇಳ್ತಾ ಕೂರೋದು?” ಎಂದು ಭಾವನನ್ನೇ ಕೇಳಿದರು. ತಾವು ಇಳಿಯುತ್ತಲೇ ಇರುವಷ್ಟು ದಿನ ತಾಮ್ರವಿಲ್ಲ ಎನ್ನಲು ಯಾರಿಗೂ ಬಾಯಿರುವುದಿಲ್ಲ. ಇಂಥ ಉಪಕಾರಿ ಬೋರು ಮತ್ತೆಲ್ಲಿ ಸಿಕ್ಕೀತು?

ಕಲ್ಲಿನ ಪದರ ಓರೆಯಾಗಿದ್ದರೆ ಆಳದ ಬೋರು ತಾನಾಗಿ ವಾಲುತ್ತದೆ, ವಾಲಿದ್ದನ್ನು ಅಳೆಯುವ ಉಪಕರಣವನ್ನು ಬಾಡಿಗೆಗಾದರೂ ತರಿಸಿ ಎಂದು ಭಾವ ಮತ್ತೆ ಮತ್ತೆ ಕೇಳಿಕೊಂಡಿದ್ದರು. “ಕೆಳಗೆ ಹೋಗೋಕೂ ದಾರಿ ಕೇಳ್ಬೇಕೇನಯ್ಯಾ?” ಎಂದು ನಿರ್ದೇಶಕರು ನಕ್ಕರಂತೆ. ತಾಮ್ರದ ಕಲ್ಲು ಮೇಲೆ ಬಂದ ದಿನ ಅದನ್ನು ಮಗುವಿನಂತೆ ಎತ್ತಿಕೊಂಡು ಫೋಟೋ ತೆಗೆಸಿಕೊಂಡವರೂ ಅವರೇ. ಅದರಲ್ಲಿ ಭಾವನ ಮೊಣಕೈ ಮಾತ್ರ ಬಿದ್ದಿದೆ. ಷೇರುದಾರರು ಕಳಿಸಿದ ತಜ್ಞ ಅದೇ ಉಪಕರಣ ಇಳಿಬಿಟ್ಟು, ತಮ್ಮ ತುದಿ ಬೇಲಿಯಾಚೆ ಇದೆ ಎಂದ ಸಂಜೆಯಿಂದ ತಾವು ಪೂರ್ತಿ ಭಾವನ ಬೋರಾಗಿದ್ದೀರಿ. “ಬಂಡೆಯೊಳಗೆ ಕೂತು ಸ್ಟೀರಿಂಗ್ ತಿರುಗಿಸಿದ್ರಾ ಇವ್ರು?” ಎಂದು ನನ್ನ ಅಕ್ಕ ಕಚೇರಿಯ ಬಾಗಿಲಲ್ಲಿ ನಿಂತು ಕೇಳಿದಳು. ಗುಮಾಸ್ತರು ಫ್ಯಾನಿನ ವೇಗ ಹೆಚ್ಚಿಸಿದರು.

ಆದಕಾರಣ ತಾವು ಸೋಮವಾರದೊಳಗೆ ನೆಟ್ಟಗಾಗಬೇಕು. ಬೆನ್ನು ಬಗ್ಗಿ ಅಭ್ಯಾಸವಾಗಿ ಅದು ಕಷ್ಟವೆಂದಾದರೆ, ಆ ತಾಮ್ರವನ್ನಾದರೂ ಸಂಸಾರ ಸಮೇತ ಬೇಲಿಯ ಈಚೆಗೆ ಕರೆತರಬೇಕು. ಅದೂ ಆಗದಿದ್ದಲ್ಲಿ ಖುದ್ದಾಗಿ ಹಾಜರಾಗಿ ಸಾಕ್ಷಿ ಹೇಳಬೇಕು. ತಾವು ಬರಲಾರಿರಿ ಎಂದಾದರೆ ನಿರ್ದೇಶಕರನ್ನೇ ತಮ್ಮಲ್ಲಿಗೆ ಇಳಿಸಲು ನಾವು ಸಿದ್ಧ. ತಮ್ಮ ಬಾಯಿ ಅಂಗೈಯಗಲವೂ ಇಲ್ಲ, ನಿಜ; ಆದರೆ ಇಷ್ಟು ದೊಡ್ಡ ತಪ್ಪನ್ನು ಒಬ್ಬ ಬಡಪಾಯಿಯ ಹೆಸರಿನೊಳಗೆ ತುರುಕಿದವರಿಗೆ ಅದೇನು ಮಹಾ.

ನೆಲದ ಮೇಲೇ ಉಳಿದಿರುವ,
ತಮ್ಮ ವಿಶ್ವಾಸಿ,
ಡ್ರಿಲ್ಲರನ ಹೆಂಡತಿಯ ತಮ್ಮ

ತಾ.ಕ.: ತಮಗಿಂತ ಇಮ್ಮಡಿ ಆಳದ ಹೊಸ ಬೋರು ನಾಳೆಯಿಂದಲೇ ಶುರುವೆಂದು ನಿರ್ದೇಶಕರು ಪ್ರಕಟಣೆ ಹೊರಡಿಸಿದ್ದಾರೆ. ಭಾವ ಯಂತ್ರದ ಮುಂದೆ ಬಂದು ನಿಲ್ಲುವ ತನಕ ಎಂಜಿನ್ ಮುಟ್ಟುವುದಿಲ್ಲವೆಂದು ನಾವು ಕೆಲಸಗಾರರೆಲ್ಲ ಇವತ್ತು ಸಂಜೆ ಬರೆದುಕೊಟ್ಟಿದ್ದೇವೆ. ಹೀಗಾಗಿ ಹೊಸ ಬೋರಿನ ಸದ್ಯದ ಆಳ, ಆ ಪ್ರಕಟಣೆಯ ಕಾಗದದ ದಪ್ಪದಷ್ಟೇ.