ಕಂದೀಲಿಲ್ಲದ ಕಿಟಕಿ

ಕತ್ತಲೆಗೆ ಅರ್ಥ ಹುಡುಕುವ ಚಟ ಒಮ್ಮೆ ಅಂಟಿದರೆ ಬಿಡುವುದಿಲ್ಲ. ಕೆಲವರಿಗೆ ತಂಬಾಕಿನ ಚಟ ಇರುತ್ತದೆ, ಅದು ಹಲ್ಲು ಕೆಡಿಸುತ್ತದೆ. ನನ್ನದು ಬಾಳನ್ನೇ ಕೆಡಿಸಿತು. ಹೇಳಿಕೊಳ್ಳಲು ನಾಚಿಕೆಯೇನೋ ಆಗುತ್ತದೆ, ಆದರೆ ಈ ವಯಸ್ಸಿನಲ್ಲಿ ನಾಚಿಕೊಂಡು ಯಾರನ್ನು ಮೆಚ್ಚಿಸಬೇಕಾಗಿದೆ?

ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ ನಾನು ಬೀದರಿನ ಒಂದು ಶಾಲೆಯಲ್ಲಿ ಉರ್ದು ಮಾಸ್ತರನಾಗಿದ್ದೆ. ತಾಯಿ ಔರಾದಿನಲ್ಲಿ, ನಾನು ಬೀದರಿನಲ್ಲಿ ಬಾಡಿಗೆಯ ಕೋಣೆಯಲ್ಲಿ. ಪಠ್ಯದಲ್ಲಿ ಒಂದು ಹಳೆಯ ಪ್ರೇಮಕಥೆ ಇತ್ತು. ಕೊನೆಗೆ ಇಬ್ಬರೂ ಸಾಯುತ್ತಾರೆ ಎಂದರೆ ಸಾಕು, ಉಳಿದದ್ದನ್ನು ನೀವೇ ಊಹಿಸಿಕೊಳ್ಳಬಹುದು. ಅದರ ತುಂಬ ಬರೀ ದೀಪ, ಕತ್ತಲೆ, ಮತ್ತೆ ದೀಪ. ದೀಪ ಬಂದಲ್ಲೆಲ್ಲ ಒಲವು, ಕತ್ತಲೆ ಬಂದಲ್ಲೆಲ್ಲ ನಿರಾಕರಣೆ ಎಂದು ನಾನು ಪಾಠ ಮಾಡುತ್ತಿದ್ದೆ. ಮಾಡುತ್ತ ಮಾಡುತ್ತ ನನ್ನ ಧ್ವನಿಗೆ ನನ್ನ ಕಣ್ಣೇ ಒದ್ದೆಯಾಗುತ್ತಿತ್ತು.

ಎದುರು ಮನೆಯಲ್ಲಿ ನಮ್ಮ ಜಾತಿಯವಳೇ ಆದ ಕಮಲಾ ಇದ್ದಳು. ಅವಳನ್ನು ಮದುವೆಯಾಗುವ ಆಸೆ ನನಗೆ ಎರಡು ವರ್ಷದಿಂದ ಇತ್ತು, ಬಾಯಿ ಮಾತ್ರ ಇರಲಿಲ್ಲ. ಒಂದು ದಿನ ಧೈರ್ಯ ಮಾಡಿ ಅವಳ ಅತ್ತಿಗೆಗೆ ಹೇಳಿಬಿಟ್ಟೆ.

"ಕೇಳ್ತೇನಿ ತಗೋರಿ, ಮಾಸ್ತರ. ಹೂಂ ಅಂದ್ರ ನಾನೇ ಬಂದು ಹೇಳ್ತೇನಿ," ಅಂದರು ಅವರು.

ಅಷ್ಟಕ್ಕೆ ಸುಮ್ಮನಿದ್ದರೆ ಇವತ್ತು ನನಗೆ ಮೊಮ್ಮಕ್ಕಳಿರುತ್ತಿದ್ದವು. ನಾನು ಅಂದೆ: "ಬ್ಯಾಡರಿ ವೈನಿ. ಒಪ್ಪಿಗಿ ಇದ್ರ ಬರೂ ಗುರುವಾರ ದೀಪ ಹಚ್ಚೂ ಹೊತ್ತಿಗೆ ಕಿಡಕ್ಯಾಗ ಒಂದು ಕಂದೀಲ ಇಡಂತ ಹೇಳ್ರಿ. ಇಲ್ಲಂದ್ರ ಕತ್ತಲ ಇರ್ಲಿ, ನಾ ತಿಳಕೋತೇನಿ."

"ಓದಿದವ್ರ ಧಾಟೀನ ಬ್ಯಾರೆ," ಎಂದು ವೈನಿ ನಕ್ಕು ಒಪ್ಪಿದರು.

ಆ ವಾರವೇ ನಿಜಾಮರ ಸೀಮೆಗೆ ಭಾರತದ ಸೈನ್ಯ ನುಗ್ಗಿ ಪೊಲೀಸ್ ಆ್ಯಕ್ಷನ್ ಶುರುವಾಯಿತು. ಅಂಗಡಿಗಳು ಮುಚ್ಚಿದವು, ಓಣಿಯ ಬಾಗಿಲುಗಳೆಲ್ಲ ಒಳಗಿನಿಂದ ಅಗಳಿ ಹಾಕಿಕೊಂಡವು. ಹಿಂದೂ ಮುಸಲ್ಮಾನ ಎನ್ನದೆ ಜನ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಗುರುವಾರ ಸಂಜೆ ನಾನು ತಲೆ ಬಾಚಿ, ತೊಳೆದ ಶೇರವಾನಿ ತೊಟ್ಟು ಹೊರಗೆ ಬಂದು ನಿಂತೆ. ಇಡೀ ಬೀದರಿನಲ್ಲಿ ಒಂದು ದೀಪವೂ ಇರಲಿಲ್ಲ. ನನಗೆ ಕಂಡದ್ದು ಒಂದೇ ಕಿಟಕಿಯ ಕತ್ತಲೆ. ಎದೆ ಒಡೆದು ಅಲ್ಲೇ ನಿಂತು ಅತ್ತೆ. ಬಾಗಿಲು ತೆರೆಯುವಂತಾದ ಮೊದಲ ದಿನವೇ ಯಾರಿಗೂ ಹೇಳದೆ ಔರಾದಿಗೆ ಹೋದೆ, ವರ್ಗ ಮಾಡಿಸಿಕೊಂಡು ಅಲ್ಲೇ ಉಳಿದೆ. ತಾಯಿ ತೋರಿಸಿದ ಹೆಣ್ಣುಗಳನ್ನೆಲ್ಲ ಬೇಡವೆಂದೆ.

ಎಷ್ಟೋ ವರ್ಷಗಳ ನಂತರ ಭಾಲ್ಕಿ ಸ್ಟೇಶನ್ನಿನಲ್ಲಿ ಕಮಲಾ ಸಿಕ್ಕಳು. ಗಂಡ ಟಿಕೀಟಿಗೆ ಹೋಗಿದ್ದ, ಮಗ್ಗುಲಲ್ಲಿ ಎರಡು ಮಕ್ಕಳಿದ್ದವು. ನಾನು ಹಳೆಯ ಗಾಯ ತೋರಿಸುವವನಂತೆ, "ಅವತ್ತು ಕಿಡಕಿ ಕತ್ತಲಿತ್ತು," ಅಂದೆ.

ಅವಳು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ಆ ವಾರ ಯಾರ ಮನ್ಯಾಗ ದೀಪ ಇತ್ತರಿ, ಮಾಸ್ತರ? ಅಂಜಿ ಅಪ್ಪಾ ಬೆಂಕಿಕಡ್ಡಿ ಸೈತ ಕೊರೀಗೊಡಲಿಲ್ಲ. ನಾ ಕಂದೀಲ ಒರಸಿ ಮುಂದ ಇಟಗೊಂಡು ಕುಂತಿದ್ದೆ. ವರ್ಷಾನಗಟ್ಲೆ ನಿಮ್ಮ ಹಾದಿ ನೋಡಿದೆ. ಒಂದ್ಸಲ ಬಾಗಿಲಾ ಬಡದಿದ್ರ ಏನ ಆಗ್ತಿತ್ತರಿ?"

ಉತ್ತರ ಇತ್ತು, ಆದರೆ ಅವಳ ಮುಖ ನೋಡಿ ಹೇಳುವಂಥದ್ದಾಗಿರಲಿಲ್ಲ. ಆ ಕಿಟಕಿಯ ಎದುರು ನಿಂತು ಅಳುವಾಗ ನನಗೆ ಬಾಗಿಲಿನ ನೆನಪೇ ಆಗಿರಲಿಲ್ಲ. ಎಷ್ಟು ಚೆನ್ನಾಗಿ ಅಳುತ್ತಿದ್ದೇನೆ ಎಂದು ಒಳಗೊಳಗೇ ಸ್ವಲ್ಪ ಸುಖವಾಗಿತ್ತು.