ನಮ್ಮತ್ತಿ ಕೆಚ್ಚಿದ ಕೋಳಿ

ನಗುವಂಥಾದ್ದು ಏನರ ಆಗಬೇಕಂದ್ರ ಅದು ನಮ್ಮ ಮನೀನ ಹುಡಿಕ್ಕೊಂಡು ಬರತೈತಿ. ಬೆಟಗೇರ್ಯಾಗ ಓಣಿ ತುಂಬ ಮಗ್ಗದ ಮನಿ ಅದಾವ, ಆದ್ರ ಅದು ಬಾಗಲಾ ಬಡಿಯೋದು ನಮ್ಮದ. ಈಗ ಹೇಳೂದು ನಾ ಹೊಸ ಸೊಸಿಯಾಗಿದ್ದಾಗಿನ ಮಾತು.

ನನ್ನ ತವರಮನಿ ಹೊಂಬಳ. ಗಂಡನ ಮನಿಗೆ ಬರುವಾಗ ನಮ್ಮವ್ವ ಒಂದು ಬುಟ್ಟ್ಯಾಗ ನಾಕು ಹ್ಯಾಟಿ, ಒಂದು ಹುಂಜ ಹಾಕಿ ಕೊಟ್ಟಿದ್ಲು. ಅದಾಗಿ ವರ್ಷ ತುಂಬೂದ್ರಾಗ ಅವ್ವ ತೀರಿಕೊಂಡ್ಲು. ಅದಕ್ಕ ಆ ಕೋಳಿ ಮ್ಯಾಲ ನನಗ ಭಾಳ ಜೀವ. ಹಿತ್ತಲಕ್ಕ ಹೋಗಿ ಅವುಗಳ ಕೂಡ ಮಾತಾಡಿ ಬರದಿದ್ರ ನನಗ ಊಟ ಸೇರ್ತಿದ್ದಿಲ್ಲ.

೧. ಶಕುನ

ಕನ್ನಡ ನಾಡು ಒಂದಾಗಬೇಕಂತ ಓಣಿ ಓಣ್ಯಾಗ ಸಭಾ, ಮೆರವಣಿಗಿ ನಡದಿದ್ದ ಕಾಲ. ಒಂದಿನ ಮುಂಜಾನಿ ಹಿತ್ತಲಕ್ಕ ಹೋದ ನಮ್ಮತ್ತಿ ಅಲ್ಲೇ ಕೈ ಮುಗದು ನಿಂತುಬಿಟ್ಟಿದ್ಲು.

"ಏ ಹೊಂಬಳದಾಕಿ, ಜಲ್ದಿ ಬಾ. ಮುಂಗಸಿ ನೋಡು. ಇವತ್ತ ಏನೋ ಛಲೋ ಆಗೂದೈತಿ."

ಮುಂಗಸಿ ಕಂಡ್ರ ಶುಭ ಅಂತ ನಮ್ಮ ಕಡೆ ನಂಬಿಗಿ. ಅದು ಬೇಲಿ ಸಂದ್ಯಾಗ ನಿಂತು ನಮ್ಮ ಕೋಳಿ ಎಷ್ಟು ಅದಾವಂತ ಎಣಿಸಾಕತ್ತೈತಿ ಅನ್ನೂದು ಯಾರಿಗೂ ಹೊಳೀಲಿಲ್ಲ. "ಓಡಸ್ಲೇನ್ರಿ ಅತ್ತಿ?" ಅಂದೆ. "ಮನಿ ತನಕ ಬಂದ ಶಕುನಾ ಓಡಸ್ತಾರೇನು?" ಅಂತ ನನ್ನ ಬೈದು, ಬಾಜೂ ಮನಿಯ ಇಬ್ಬರನ್ನ ಕರದು ಅವರ ಕಡಿಂದಾನೂ ಕೈ ಮುಗಿಸಿದ್ಲು.

ಮಧ್ಯಾಹ್ನ ಮೆರವಣಿಗಿ ನಮ್ಮ ಓಣಿಗೆ ಬಂತು. ನಮ್ಮ ಮಾವ ಎಲ್ಲಾರಿಗಿಂತ ಮುಂದ ನಿಂತು ಘೋಷಣಾ ಕೂಗಾಕತ್ತಿದ್ರು. ಅದನ್ನ ನೋಡಾಕಂತ ನಾನೂ ಅತ್ತೀನೂ ತಲಬಾಗಲಾಗ ನಿಂತ್ವಿ. ಮೆರವಣಿಗಿ ದಾಟಿ ಹೋದ ಮ್ಯಾಲ ಹಿತ್ತಲದಾಗಿನ ಗದ್ದಲ ಕಿವಿಗೆ ಬಿತ್ತು. ಓಡಿ ಹೋದ್ರ ಎರಡು ಹ್ಯಾಟಿ ಸತ್ತು ಬಿದ್ದಿದ್ವು. ಉಳದ ಎರಡರಾಗ ಬಿಳೇದರ ರೆಕ್ಕಿ ಜೋತುಬಿದ್ದಿತ್ತು. ಕರೇದರ ಕುತಗಿ ಚರ್ಮ ಹರದು ತೆರಕೊಂಡಿತ್ತು. ಮುಂಗಸಿ ಬೇಲಿ ಹಾರಿ ಹೋಗೂದೊಂದ ಕಂಡ್ತು. ನಾ ಅಲ್ಲೇ ನೆಲಕ್ಕ ಕುಂತು ಅತ್ತೆ.

ಹುಂಜ ಎಲ್ಲಿ ಅಂತ ನೋಡಿದ್ರ ಒಂದು ಗರಿ ಕೊಂಕದಂಗ ಮಾಳಿಗಿ ಮ್ಯಾಲ ನಿಂತಿತ್ತು. ಅಪಾಯ ಹೋದ ಮ್ಯಾಲ ದೊಡ್ಡದಾಗಿ ಕೂಗಿತು. ಆ ಕಡೆ ಓಣ್ಯಾಗ ಮಾವನ ಘೋಷಣಾನೂ ಕೇಳ್ತಿತ್ತು. ನಮ್ಮತ್ತಿ ಒಂದ್ಸಲ ಮಾಳಿಗಿ ನೋಡಿದ್ಲು, ಒಂದ್ಸಲ ಓಣಿ ನೋಡಿದ್ಲು.

"ಗಂಡಸರೆಲ್ಲಾ ಒಂದ. ಕೂಗೂದೊಂದ ಬರತೈತಿ" ಅಂದ್ಲು.

೨. ಕೆಚ್ಚು

ಮಾವ ಮನಿಗೆ ಬಂದು ಕೋಳಿ ನೋಡಿದವರ ಅಲ್ಲೇ ತೀರ್ಪು ಹೇಳಿದ್ರು.

"ಇವು ಉಳಿಯೂವಲ್ಲ. ಬರೂ ಅಮಾಸಿಗೆ ಮುಂಡರಗಿ ಬೀಗರು ಊಟಕ್ಕ ಬರ್ತಾರ. ಅಲ್ಲೀತನಕ ಎದ್ದು ತಿಂದು ಅಡ್ಡಾಡಿದ್ರ ಇರಲಿ, ಇಲ್ಲಾಂದ್ರ ಸಾರು ಮಾಡ್ರಿ."

ಬೀಗರು ಅಂದ್ರ ನಮ್ಮ ನಾದಿನಿಯ ಮಾವ. ಮಗಳನ್ನ ಕೊಟ್ಟ ಮನಿಯವರು, ಅವರ ಊಟದಾಗ ಕಡಿಮಿ ಆಗಂಗಿಲ್ಲ. ಅಮಾಸಿ ಇನ್ನ ಹನ್ನೊಂದು ದಿನ ಇತ್ತು. ನನಗ ಎದಿ ಒಡದಂಗಾತು. ಸೊಸಿ ಬಾಯಿ, ಮಾತಾಡಂಗಿಲ್ಲ.

ನಮ್ಮತ್ತಿ ಸೀದಾ ಮಗ್ಗದ ಕಡೆ ಹೋದ್ಲು. ಒಂದು ಸೀರಿ ಮುಗದ ಮ್ಯಾಲ ಮಗ್ಗದಾಗ ಉಳದ ಹಳೇ ಎಳಿಗೆ ಹೊಸಾ ಹಾಸಿನ, ಅಂದ್ರ ಉದ್ದನ್ನ ನೂಲಿನ, ಎಳಿ ಒಂದೊಂದ ಕೂಡಸಬೇಕು. ಸಾವಿರಗಟ್ಟಲೆ ಎಳಿ. ಅದಕ್ಕ ಕೆಚ್ಚೂದು ಅಂತಾರ. ನಮ್ಮತ್ತಿಯಂಗ ಕೆಚ್ಚಾವರು ಇಡೀ ಬೆಟಗೇರ್ಯಾಗ ಇನ್ನೊಬ್ಬರಿದ್ದಿಲ್ಲ. ಆಕಿ ರೇಷ್ಮಿ ಎಳಿ, ಸಣ್ಣ ಸೂಜಿ ಎರಡೂ ಕುದಿಸಿದ್ಲು. ಉಪ್ಪುನೀರಲೆ ಗಾಯ ತೊಳದ್ಲು, ಅರಿಷಿಣ ಹಚ್ಚಿದ್ಲು. ಕೋಳಿಗೆ ಅರಿವಿ ಸುತ್ತಿ ನನ್ನ ತೊಡಿ ಮ್ಯಾಲ ಇಟ್ಟು, "ಅಳೂದಿದ್ರ ಆಮ್ಯಾಲ ಅಳು, ಈಗ ಗಟ್ಟಿ ಹಿಡಿ" ಅಂದ್ಲು.

ಮಾವ ಬಾಗಲಾಗ ನಿಂತು, "ಏನ ನಡಸೀ ಇದು?" ಅಂದ್ರು.

"ನೀವು ನಾಡು ಕೂಡಸ್ರಿ. ನಾ ಕೋಳಿ ಕೂಡಸ್ತೇನಿ."

ಎಂಟು ಹೊಲಿಗಿ ಹಾಕಿದ್ಲು. ಒಂದು ಬಟ್ಟೂ ನಡುಗ್ಲಿಲ್ಲ. ಆ ಕೈಗೆ ನಮಸ್ಕಾರ ಮಾಡಬೇಕು ಅನಿಸ್ತು ನನಗ. ಮಾವ ಮೂಗಿನ ಮ್ಯಾಲ ಚಾಳೀಸ ಏರಿಸಿಕೊಂಡು, ಬಗ್ಗಿ, ಕೋಳಿ ಕುತಗೀನ ಭಾಳೊತ್ತು ನೋಡಿದ್ರು.

"ನನ್ನ ಸೀರಿ ಕೆಚ್ಚುವಾಗ ನಾಕು ಎಳಿ ಬಿಟ್ಟಿದ್ದಿ" ಅಂದ್ರು. "ಇದರಾಗ ಒಂದೂ ಬಿಟ್ಟಿಲ್ಲ."

೩. ಖಣ

ಬಿಳೀ ಹ್ಯಾಟಿ ರೆಕ್ಕಿ ಮಡಚಿ ಮೈಗೆ ಹತ್ತಿಸಿ ಕಟ್ಟಬೇಕಾಗಿತ್ತು. ಹಳೇ ಅರಿವಿ ಎಲ್ಲಾ ಒರಟು, ಗಾಯಕ್ಕ ಒತ್ತತೈತಿ ಅಂತ ನಮ್ಮತ್ತಿ ತನ್ನ ಪೆಟಗಿ ತಗದು, ಯಾರೋ ಉಡಿ ತುಂಬಿದ್ದ ಹೊಸಾ ಕೆಂಪು ಕುಪ್ಪಸದ ಖಣ ಹರದು ಕಟ್ಟಿದ್ಲು. ಅಂಚು ಬರೋಬರಿ ಎದಿ ಮ್ಯಾಲ ಬರಬೇಕು ಆಕಿಗೆ.

ಮರುದಿನ ಅದನ್ನ ಎತ್ತಿಕೊಂಡು ಗದಗಿನ ದನದ ದವಾಖಾನಿಗೆ ಹೊಂಟ್ವಿ. ದಾರ್ಯಾಗ ಗುರುತಿನಾಕಿ ಒಬ್ಬಾಕಿ ಸಿಕ್ಕು, "ಏನ್ರಿ ಇದು, ಕುಪ್ಪಸ ತೊಡಿಸಿ ಕರಕೊಂಡು ಹೊಂಟೀರಿ? ಹೊಸಾ ಸೊಸೀನೇನು?" ಅಂತ ನಕ್ಕಳು.

"ಸೊಸಿ ಅಲ್ಲವಾ" ಅಂದ್ಲು ನಮ್ಮತ್ತಿ, "ಸೊಸಿ ತವರಮನಿಯವರು."

ನಾ ಸೆರಗು ಬಾಯಿಗೆ ಹಿಡಕೊಂಡು ನಡದೆ. ನಗಬೇಕೋ ಅಳಬೇಕೋ ತಿಳೀಲಿಲ್ಲ.

ದವಾಖಾನ್ಯಾಗ ಡಾಕ್ಟರು ಕೋಳಿ ನೋಡಿ, "ಇಲ್ಲಿ ಎತ್ತು, ಎಮ್ಮಿ ನೋಡ್ತೇವಿ. ಕೋಳಿಗೆ ಔಷಧ ಅಂದ್ರ ಉಳ್ಳಾಗಡ್ಡಿ, ಖಾರದಪುಡಿ" ಅಂದ್ರು.

"ಆಗಲ್ರಿ ಸಾಹೇಬ್ರ. ಎತ್ತಿನಷ್ಟು ದೊಡ್ಡದಾದ ಮ್ಯಾಲ ಮತ್ತ ತರ್ತೇವಿ. ಅಲ್ಲೀತನಕ ಬದುಕಬೇಕಲ್ಲ, ಕಟ್ಟಿದ್ದು ಬರೋಬರಿ ಐತೇನು, ಅಷ್ಟ ನೋಡ್ರಿ" ಅಂದ್ಲು ಅತ್ತಿ.

ಡಾಕ್ಟರು ನಕ್ಕು ಮುಟ್ಟಿ ನೋಡಿದ್ರು. ಆಮ್ಯಾಲ ನಗೂದು ಬಿಟ್ಟು ಕಂಪೌಂಡರನ್ನ ಕರದು, "ನೋಡು, ಕಟ್ಟೂದಂದ್ರ ಹಿಂಗ ಕಟ್ಟಬೇಕು" ಅಂದ್ರು. ಹೊರಗ ಒಂದು ಕರು ನಿಂತಿತ್ತು, ಕಂಪೌಂಡರ್ ಕಟ್ಟಿದ ಪಟ್ಟಿ ಕಾಲಿಂದ ಜಾರಿ ಗೊರಸಿಗೆ ಬಂದಿತ್ತು. ನಮ್ಮತ್ತಿಗೆ ಅದನ್ನ ನೋಡಿ ತಡಕೊಳ್ಳಾಕ ಆಗಲಿಲ್ಲ. ಕೋಳೀನ ನನ್ನ ಕೈಗೆ ಕೊಟ್ಟು ಅಲ್ಲೇ ಕುಂತು ಬಿಚ್ಚಿ ಕಟ್ಟಿದ್ಲು. ಅದನ್ನ ಕಂಡು ಎರಡು ಆಡಿನವರೂ ಸಾಲು ಹಚ್ಚಿದ್ರು.

ಹೊಂಡುವಾಗ ಡಾಕ್ಟರು ಬಾಗಲ ತನಕ ಬಂದು, "ನಾಳೆ ಎಷ್ಟು ಗಂಟೆಕ್ಕ ಬರ್ತೀರಿ?" ಅಂತ ಕೇಳಿದ್ರು.

೪. ಕುಣಿ

ಥಂಡಿ ದಿನ. ನಮ್ಮದು ಕುಣಿಮಗ್ಗ. ನೇಯಾವರು ನೆಲದ ಮ್ಯಾಲ ಕುಂತು ಕಾಲು ಕುಣ್ಯಾಗ ಇಳಿಬಿಟ್ಟು ತುಳೀತಾರ. ಮನ್ಯಾಗ ಬೆಚ್ಚಗಿರೂ ಜಾಗಾ ಅದೊಂದ. ನಮ್ಮತ್ತಿ ಕುಣಿ ಮೂಲ್ಯಾಗ ಹುಲ್ಲು ಹಾಸಿ ಎರಡೂ ಕೋಳೀನ ಇಟ್ಟುಬಿಟ್ಟಳು.

"ನನ್ನ ಕಾಲು ಎಲ್ಲಿ ಇಡ್ಲಿ?" ಅಂತ ಮಾವ ಸಿಟ್ಟಿಗೆದ್ರು.

"ಅವು ಒಂದು ಮೂಲ್ಯಾಗ ಇರ್ತಾವ. ನೀವು ಸ್ವಲ್ಪ ಮೆಲ್ಲಕ ತುಳೀರಿ."

ಬಿಳೇದು ಮೂರನೇ ದಿನಕ್ಕ ಜ್ವಾಳ ಆರಿಸಿ ತಿನ್ನಾಕ ಹತ್ತಿತು. ಕರೇದು ಮಾತ್ರ ಕಣ್ಣು ಮುಚ್ಚಿಕೊಂಡು ಕುಂತಲ್ಲೇ ಕುಂತಿರ್ತಿತ್ತು. ಅತ್ತಿ ಗಂಜೀನ ಬಟ್ಟಿಲೆ ಹನಿ ಹನಿ ಬಾಯಿಗೆ ಬಿಡ್ತಿದ್ಲು. ನಾಕನೇ ದಿನ ಅತ್ತಿ ಒಂದು ಗುಟ್ಟು ಕಂಡುಹಿಡದ್ಲು: ಮಗ್ಗ ಲಟಕ್ ಪಟಕ್ ಅಂತ ನಡದಾಗ ಅದು ಕುತಗಿ ಎತ್ತಿ ಜ್ವಾಳ ಕುಟುಕ್ತೈತಿ, ಮಗ್ಗ ನಿಂತ್ರ ಅದೂ ನಿಲ್ಲಸ್ತೈತಿ.

ಅವತ್ತಿಂದ ಮಾವಗ ಆರಾಮ ಇಲ್ಲದಂಗಾತು. ಚಾ ಕುಡಿಯಾಕ ಎದ್ರ, "ಕೆಳಗ ಒಬ್ಬಾಕಿ ಉಪಾಸ ಕುಂತಾಳ" ಅಂತ ಅತ್ತಿ ನೆನಪು ಮಾಡ್ತಿದ್ಲು. ಗೊಣಗಿಕೋತ ಮತ್ತ ಹೋಗಿ ಕುಂಡ್ರತಿದ್ರು. ಇನ್ನ ಹತ್ತು ದಿನದ ಕೆಲಸ ಉಳದಿದ್ದ ಸೀರಿ ಐದ ದಿನದಾಗ ಮಗ್ಗದಿಂದ ಇಳೀತು. ನಮಗ ನೂಲು ಕೊಟ್ಟು ನೇಯಿಸೂ ಸಾಹುಕಾರ್ರು ಸೀರಿ ನೋಡಿ, "ಏನ್ರಿ, ಇಷ್ಟು ಜಲ್ದಿ?" ಅಂದ್ರು.

ಮಾವ ಆ ಕಡೆ ಮಾರಿ ತಿರುವಿ, "ಮನ್ಯಾಗ ಒಬ್ಬರಿಗೆ ಆರಾಮಿಲ್ರಿ" ಅಂದ್ರು.

೫. ಅಮಾಸಿ

ಅಮಾಸಿ ಬಂತು. ಅವತ್ತ ನೇಕಾರರು ಮಗ್ಗ ಮುಟ್ಟಂಗಿಲ್ಲ, ಪೂಜಾ ಮಾಡಿ ಬಿಡ್ತಾರ. ಬಿಳೀ ಹ್ಯಾಟಿ ಖಣ ತೊಟ್ಟುಕೊಂಡು ಅಂಗಳದ ತುಂಬ ಅಡ್ಡಾಡಾಕತ್ತಿತ್ತು. ಅದರ ಜೀವ ಉಳೀತು. ಕರೇದನ್ನ ಕುಣಿಯಿಂದ ತಗದು ಪಡಸಾಲ್ಯಾಗ ಇಟ್ಟಿದ್ವಿ. ಗಾಯ ಮಾದಿತ್ತು, ಆದ್ರ ಅದು ಏಳವಲ್ತು, ತಿನ್ನವಲ್ತು.

ಬೀಗರು ಬಂದ್ರು. ದೊಡ್ಡ ರುಮಾಲು, ಹುರಿ ಮೀಸಿ. ಅವರ ಮುಂದ ನಾವು ತಲಿ ಎತ್ತಿ ಮಾತಾಡಿದ್ದ ಇಲ್ಲ. ಮಾವ ಅವರಿಗೆ ಚಾ ಕೊಡಿಸಿ, ಕರೀ ಕೋಳಿ ಕಡೆ ನೋಡಿ, "ಹೇಳಿದ ದಿನ ಆತು" ಅಂತ ಮೆಲ್ಲಕ ಅಂದ್ರು. ಒಳಗ ಅತ್ತಿ ಮಸಾಲಿ ಅರಿಯೂದು ನಿಲ್ಲಿಸಿದ್ಲು.

ನಾ ಹಿಡಿ ಜ್ವಾಳ ತಗೊಂಡು ಕೋಳಿ ಮುಂದ ಕುಂತೆ. "ಒಂದು ಕಾಳು ತಿನ್ನ ನಮ್ಮವ್ವಾ" ಅಂದೆ. ಹಂಗ ಅಂದಕೂಡ್ಲೆ ಅವ್ವನ ನೆನಪಾಗಿ, ಬೀಗರು ಕುಂತಾರ ಅನ್ನೂದೂ ಮರತು ಬಿಕ್ಕಿ ಅತ್ತೆ.

ಮಾವ ನನ್ನ ನೋಡಿದ್ರು. ಹೂವು ಏರಿಸಿದ ಮಗ್ಗ ನೋಡಿದ್ರು. ಅಮಾಸಿ ದಿನ ಅವರು ಜನ್ಮದಾಗ ಅದನ್ನ ಮುಟ್ಟಿದವರಲ್ಲ. ಧೋತರ ಎತ್ತಿಕೊಂಡು ಕೋಳಿ ಮುಂದ ಕುಕ್ಕರಗಾಲಲೆ ಕುಂತ್ರು. ಕಾಲಿಲೆ ನೆಲಾ ಬಡೀತಾ, ಬಾಯಿಲೆ "ಲಟಕ್ ಪಟಕ್, ಲಟಕ್ ಪಟಕ್" ಅನ್ನಾಕ ಹತ್ತಿದ್ರು.

ಬೀಗರ ಚಾ ಬಶಿ ತುಟಿ ಹಂತ್ಯಾಕ ನಿಂತುಬಿಡ್ತು.

ಕೋಳಿ ಒಂದು ಕಣ್ಣು ತಗೀತು. ಕುತಗಿ ಎತ್ತಿತು. ಜೋಲಿ ಹೊಡಕೋತ ಎದ್ದು, ಎರಡು ಹೆಜ್ಜಿ ಇಟ್ಟು, ನನ್ನ ಅಂಗೈಯಾಗಿಂದ ಒಂದು ಕಾಳು ಕುಟುಕಿತು. ಮತ್ತೊಂದು ಕುಟುಕಿತು. ನಾ ಅಳಕೋತ ನಗಾಕ ಹತ್ತಿದೆ. ಮಾವ ನಿಲ್ಲಸಂಗಿಲ್ಲ, ನಿಲ್ಲಿಸಿದ್ರ ಅದು ಕುಂಡ್ರತೈತಿ. ಬಾಯಿ ಒಣಗಿ, ಕಣ್ಣಾಗ ನೀರು ಬಂದು, ಕಡೀಕ ಬೀಗರ ಕಡೆ ತಿರುಗಿದ್ರು.

"ಬೀಗರ, ತಪ್ಪು ತಿಳೀಬ್ಯಾಡ್ರಿ. ಒಂದು ಗುಟುಕು ನೀರು ಕುಡದು ಬರ್ತೇನಿ. ಅಷ್ಟೊತ್ತು ನೀವು ನಡಸ್ರಿ."

ಬೀಗರದು ಅರಿವಿ ವ್ಯಾಪಾರ, ಮಗ್ಗದ ಮ್ಯಾಲ ಎಂದೂ ಕುಂತವರಲ್ಲ. ಆದ್ರ ದೊಡ್ಡ ಮನಸಿನವರು. ಚಾ ಬಶಿ ಕೆಳಗಿಟ್ಟು, ರುಮಾಲು ಸರಿಮಾಡಿಕೊಂಡು, ಕೋಳಿ ಮುಂದ ಕುಂತು ಸುರು ಮಾಡಿದ್ರು. "ಲಟಕ್... ಪಟಕ್ ಪಟಕ್... ಲಟಕ್."

ನಮ್ಮತ್ತಿ ಸಾರಿಗೆ ಬದನಿಕಾಯಿ ಹೆಚ್ಚಿಕೋತ ಹೊರಗ ಬಂದ್ಲು. ಕೋಳೀನ ನೋಡಿದ್ಲು, ಬೀಗರನ್ನ ನೋಡಿದ್ಲು. ಸೆರಗು ತಲಿ ಮ್ಯಾಲ ಎಳಕೊಂಡು, ಭಾಳ ಮರ್ಯಾದಿಲೆ ಅಂದ್ಲು:

"ಸ್ವಲ್ಪ ಬರೋಬರಿ ಹೊಡೀರಿ ಬೀಗರ. ಕಾಳು ಅದರ ಗಂಟಲಾಗ ಸಿಕ್ಕೀತು."