ರುಕ್ಮಿಣಿಬಾಯಿಯನ್ನು ಸೆಳೆದುಕೊಂಡ ರೊಟ್ಟಿ ಯಂತ್ರಕ್ಕೆ

ಅಫಜಲಪುರದ ಮಹಿಳಾ ಸಂಘದ ಶೆಡ್ಡಿನಲ್ಲಿ ಬಿಜಯಂಗೈದು, ಬಾಗಿಲ ತೋರಣ ಒಣಗುವ ಮೊದಲೇ ಊರಿಗೆಲ್ಲ ಬೇಕಾದವರಾದ ರೊಟ್ಟಿ ಯಂತ್ರದವರ ಸನ್ನಿಧಿಗೆ, ನಿವೃತ್ತ ಸರ್ವೇಯರ್ ಅಣ್ಣಾರಾಯನ ಶರಣುಗಳು.

ಮಾನ್ಯರೇ,

ತಮ್ಮ ಬೆಲ್ಟು ಸದಾ ತಿರುಗುತ್ತಿರಲಿ, ನಮ್ಮೂರ ಕರೆಂಟು ತಮಗೊಬ್ಬರಿಗಾದರೂ ಕೈಕೊಡದಿರಲಿ ಎಂದು ಹಾರೈಸಿ ಬಿನ್ನವಿಸುವುದೇನೆಂದರೆ, ಆಳಂದ, ಜೇವರ್ಗಿಯ ಹೊಲಗಳಲ್ಲಿ ಸರಪಳಿ ಎಳೆದೆಳೆದು ನಿವೃತ್ತನಾದ ನಾನು, ಇನ್ನು ಆರಾಮವಾಗಿರಿ ಎಂದವರ ಮಾತು ನಂಬಿ, ಮರುದಿನ ಹಾಸಿಗೆಯಲ್ಲೇ ಕೂತು ಚಹಾ ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ರುಕ್ಮಿಣಿಬಾಯಿ ಕೈ ನಿಲ್ಲಿಸದೆಯೇ, "ನಿಮಗ ಶಾಲು ಹೊದಿಸಿ ಬಿಟ್ಟಾರ. ನನಗ ಯಾರು ಬಿಡತಾರ್ರಿ?" ಎಂದಳು. ಆ ಮಾತು ನಾಟಿತು. ಅಂದೇ ರೊಟ್ಟಿ ಖಾತೆಯ ಚಾರ್ಜು ವಹಿಸಿಕೊಂಡೆ.

ಕುದಿಯುವ ಎಸರು ಹಾಕಬೇಕಾದ ಜೋಳದ ಹಿಟ್ಟಿಗೆ ತಣ್ಣೀರು ಸುರಿದೆನಾದ್ದರಿಂದ ಮೊದಲ ರೊಟ್ಟಿ ಬಡಿಯುವ ತಟ್ಟೆ ಪರಾತದಲ್ಲೇ ಹರಿದು ಚೂರಾಯಿತು. ಜೀವಮಾನವೆಲ್ಲ ಹೊಲದ ಮೂಲೆ ಹುಡುಕಿದವನ ಎರಡನೆಯ ರೊಟ್ಟಿಗೆ ಮೂಲೆಗಳೇ ಹೆಚ್ಚಾದವು. ನಮ್ಮ ಓಣಿಯಲ್ಲಿ ಬಡಿಯುವ ಸಪ್ಪಳದ ಮೇಲೇ ಯಾವ ಮನೆಯ ಕೈಯೆಂದು ಗುರುತಿಸುತ್ತಾರೆ. ನನ್ನ ತಾಳಗೆಟ್ಟ ಸಪ್ಪಳ ಕೇಳಿದ ಪಕ್ಕದ ಮನೆಯ ಹಜರಾಬಿ, ರುಕ್ಮಿಣಿಬಾಯಿಗೆ ಜ್ವರವೆಂದೇ ತಿಳಿದು ಬುಟ್ಟಿ ತುಂಬ ರೊಟ್ಟಿ, ಪುಂಡಿಪಲ್ಯ ಹೊತ್ತು ಓಡಿಬಂದು, ಪರಾತದ ಮುಂದೆ ನನ್ನನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗಲಿ ಬಿಡಿ. ನನಗೆ ಬೆಳಿಗ್ಗೆ ಏಳಲು ಒಂದು ಕಾರಣ ಸಿಕ್ಕಿತ್ತು, ಎದುರಿಗೆ ಚಹಾ ಹಿಡಿದು ಕೂತ ಹೆಂಡತಿಯಿಂದ ಬೈಸಿಕೊಳ್ಳುವ ಭಾಗ್ಯವೂ ಸಿಕ್ಕಿತ್ತು.

ಅಷ್ಟರಲ್ಲಿ ತಾವು ದಯಮಾಡಿಸಿದಿರಿ. ತಮ್ಮ ರೊಟ್ಟಿಗೆ ಮೂಲೆಯಿಲ್ಲ, ತಮಗೆ ಸೊಂಟನೋವಿಲ್ಲ, ಚಹಾದ ಚಟವಿಲ್ಲ. ತಮ್ಮಂಥವರು ನಮ್ಮ ಇಲಾಖೆಯಲ್ಲಿದ್ದಿದ್ದರೆ ನನ್ನನ್ನು ಎಂದೋ ಮನೆಗೆ ಕಳಿಸುತ್ತಿದ್ದರು. ತಮ್ಮನ್ನು ನೋಡಿ ಬರುತ್ತೇನೆಂದು ಹಜರಾಬಿಯ ಜೊತೆ ಹೋದ ರುಕ್ಮಿಣಿಬಾಯಿ, ಹಿಟ್ಟಿನ ಹದ ತಪ್ಪಿ ಕೆಮ್ಮುತ್ತಿದ್ದ ತಮ್ಮನ್ನು ದಾರಿಗೆ ತಂದು, ಶೆಡ್ಡಿನ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡೇ ಮನೆಗೆ ಬಂದಳು. ಈಗ ಬೆಳಗಾದರೆ ತಮ್ಮದೇ ಧ್ಯಾನ. ನಾನು ಕೆಮ್ಮಿದರೆ ಬಿಸಿನೀರು ಕುಡಿಯಿರಿ ಎಂದಷ್ಟೇ ಹೇಳಿ ಹೊರಡುತ್ತಾಳೆ. ಸಂಜೆ ಬರುವಾಗ ಅವಳ ಮುಖದಲ್ಲಿರುವ ಕಳೆಯನ್ನು ಮದುವೆಯಾದಾಗಿನಿಂದ ನಾನು ಕಂಡಿರಲಿಲ್ಲ. ಸುಳ್ಳೇಕೆ, ಹೊಟ್ಟೆ ಉರಿಯುತ್ತದೆ. ಖುಷಿಯೂ ಆಗುತ್ತದೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ವಾರಕ್ಕೊಮ್ಮೆಯಾದರೂ ಜ್ವರ ಬರಿಸಿಕೊಳ್ಳಬೇಕು, ಇಲ್ಲವೇ ಸ್ವಯಂ ನಿವೃತ್ತಿ ಪಡೆದು ನಮ್ಮ ಮನೆಗೇ ಬಂದುಬಿಡಬೇಕು; ಶಾಲು ನಾನೇ ಹೊದಿಸುತ್ತೇನೆ, ಒಮ್ಮೆಯಷ್ಟೇ ಬಳಸಿದ್ದು ಇದೆ. ಅದೂ ಆಗದಿದ್ದರೆ ತಮ್ಮ ಕೈಕೆಳಗೆ ಹಿಟ್ಟು ಜರಡಿ ಹಿಡಿಯುವ ಹುದ್ದೆಯನ್ನಾದರೂ ನನಗೆ ದಯಪಾಲಿಸಬೇಕು.

ತಮ್ಮ ಮೇಲಿನ್ನೂ ವಿಶ್ವಾಸ ಕುದುರದ
ತಮ್ಮ ವಿಶ್ವಾಸಿ,
ಅಣ್ಣಾರಾಯ

ವಿ.ಸೂ.: ತಮಗೆ ಕಣ್ಣಿಲ್ಲದ ಕಾರಣ ತಿಳಿಸುತ್ತಿದ್ದೇನೆ. ಊರಿಗೆಲ್ಲ ದುಂಡನೆಯ ರೊಟ್ಟಿ ಉದುರಿಸುವ ತಮ್ಮ ಮಗ್ಗುಲಲ್ಲೇ ಕೂತು ರುಕ್ಮಿಣಿಬಾಯಿ ಮಧ್ಯಾಹ್ನ ಡಬ್ಬಿ ಬಿಚ್ಚುತ್ತಾಳಲ್ಲ, ಅದರಲ್ಲಿರುವುದು ನಾನು ಬಡಿದ ಹರಕು ರೊಟ್ಟಿ.